ಬೇಲಿಯಾಚೆ ನಿಂತ ಕಾರು: ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ. ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ನಮ್ಮ ಗ್ಯಾರೇಜಿನ ಎದುರು, ಸರ್ವಿಸ್ ರಸ್ತೆಯ ಅಂಚಿನಲ್ಲಿ ನೀವು ಹಾಕಿಸಿರುವ ಬೇಲಿಯ ಆಚೆ, ಒಂದು ಬಿಳಿ ಕಾರು ಬಂದು ನಿಂತಿತು. ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಗಾಳಿ ನಮ್ಮ ಕಡೆಗೇ ಬೀಸುತ್ತಿದ್ದುದರಿಂದ ಕೂಲೆಂಟ್ ಕುದಿದಾಗ ಬರುವ ಸಿಹಿ ವಾಸನೆ ಮೂಗಿಗೆ ಬಡಿಯಿತು. ರೇಡಿಯೇಟರಿನ ರಬ್ಬರ್ ಹೋಸ್ ಬಾಯಿ ಬಿಟ್ಟಿದೆ, ಇಲ್ಲವೇ ಅದರ ಕ್ಲಿಪ್ ಸಡಿಲವಾಗಿದೆ ಎಂದು ಇಲ್ಲಿಂದಲೇ ಹೇಳಬಲ್ಲವನಾಗಿದ್ದೆ. ಹೊಸ ಕ್ಲಿಪ್ಪಿಗೆ ನಲವತ್ತು ರೂಪಾಯಿ. ಎಂಜಿನ್ ತಣಿಯುವ ಹೊತ್ತನ್ನು ಬಿಟ್ಟರೆ ಹತ್ತು ನಿಮಿಷದ ಕೆಲಸ. ನನ್ನ ಬಾಗಿಲಿನಿಂದ ಆ ಕಾರಿಗೆ ಇಪ್ಪತ್ತೈದು ಹೆಜ್ಜೆ.

ಆ ಇಪ್ಪತ್ತೈದು ಹೆಜ್ಜೆಯನ್ನು ನಾನು ನಡೆಯುವಂತಿಲ್ಲ. ಬೇಲಿ ಹಾರುವುದು ತಪ್ಪು. ಸುತ್ತಿಕೊಂಡು ಹೋಗೋಣವೆಂದರೆ ನನ್ನ ಬಳಿ ಇರುವುದು ಸ್ಕೂಟರ್. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳಿಗೆ ದಶಪಥದ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ.

ಕಾರಿನಿಂದ ಒಬ್ಬ ಯುವಕ, ಅವನ ಹೆಂಡತಿ, ಒಬ್ಬ ಅಜ್ಜಿ, ನಿದ್ದೆಗಣ್ಣಿನ ಒಂದು ಮಗು ಇಳಿದರು. ಯುವಕ ನೇರವಾಗಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದ. ನಾನು ಸರ್ವಿಸ್ ರಸ್ತೆಗೆ ಓಡಿ, ಗಂಟಲು ಹರಿಯುವಂತೆ, ‘ಮುಟ್ಟಬೇಡಪ್ಪಾ, ಮುಖ ಸುಟ್ಟುಹೋಗುತ್ತದೆ!’ ಎಂದು ಕೂಗಿದೆ. ಅವನು ಬೆಚ್ಚಿ ಹಿಂದೆ ಸರಿದ. ಆಮೇಲೆ ನಡೆದದ್ದು ಹೀಗೆ: ಎರಡು ಲೀಟರ್ ನೀರಿನ ಬಾಟಲಿಗಳನ್ನು ಬೇಲಿಯ ಮೇಲಿಂದ ಎಸೆದೆ. ಒಂದು ಹಳೆಯ ಬಟ್ಟೆಯಲ್ಲಿ ಕ್ಲಿಪ್ಪನ್ನೂ ಸ್ಕ್ರೂಡ್ರೈವರನ್ನೂ ಸುತ್ತಿ ಎಸೆದೆ. ಅರ್ಧ ಗಂಟೆ ಕಾಯಲು ಹೇಳಿದೆ. ನಂತರ ಬೇಲಿಯ ಈಚೆ ನಿಂತು, ‘ಮೇಲಿನದಲ್ಲ, ಕೆಳಗಿನ ಹೋಸ್’, ‘ಬಲಕ್ಕೆ ತಿರುಗಿಸು’, ‘ಇನ್ನೂ ಎರಡು ಸುತ್ತು’ ಎಂದು ಒಂದೊಂದಾಗಿ ಕೂಗಿ ಹೇಳಿದೆ. ಪಕ್ಕದಲ್ಲಿ ನೂರರ ವೇಗದಲ್ಲಿ ಹೋಗುವ ಬಸ್ಸುಗಳ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ನಾನು ಕೂಗಿಯೇ ಮಾಡಿದ ಮೊದಲ ರಿಪೇರಿ ಅದು. ಕಾರು ಹೊರಟಿತು. ಹೊರಡುವ ಮುನ್ನ ಅವನು ಸ್ಕ್ರೂಡ್ರೈವರಿಗೆ ಇನ್ನೂರರ ಒಂದು ನೋಟನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಈಚೆ ಎಸೆದ.

ಇದನ್ನು ಊರಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದಾಗ ಮಾತ್ರ, ಆ ಅಜ್ಜಿಯೂ ಮಗುವೂ ಮುಕ್ಕಾಲು ಗಂಟೆ ಬಿಸಿಲಿನಲ್ಲಿ, ಓಡುವ ವಾಹನಗಳಿಗೆ ಮೂರು ಮಾರು ದೂರದಲ್ಲಿ ನಿಂತಿದ್ದುದು ಕಣ್ಣಿಗೆ ಕಟ್ಟಿತು. ಅದಕ್ಕೇ ಈ ಪತ್ರ.

ನಾನು ಯಾರೆಂದು ಹೇಳಬೇಕು. ಮದ್ದೂರು ದಾಟಿ ಮಂಡ್ಯದ ಕಡೆಗೆ ಬರುವಾಗ ಎಡಗಡೆ ಸಿಗುವ ಗ್ಯಾರೇಜುಗಳಲ್ಲಿ ನಮ್ಮದೂ ಒಂದು. ತಾತ ಹಾಕಿದ್ದು, ಅಪ್ಪ ಬೆಳೆಸಿದ್ದು, ನಾನು ನಡೆಸುತ್ತಿರುವುದು. ಬೆಳೆಸುತ್ತಿದ್ದೇನೆ ಎಂದು ಹೇಳಿಕೊಳ್ಳುವ ಧೈರ್ಯ ಈಗಿಲ್ಲ.

ರಸ್ತೆ ಬದಿಯ ಗ್ಯಾರೇಜನ್ನು ಕಂಡವರು, ಯಾರೋ ಕೆಲಸವಿಲ್ಲದವನು ನಾಲ್ಕು ತಗಡು ಹೊದಿಸಿ ಕುಳಿತ ಎಂದುಕೊಳ್ಳುತ್ತಾರೆ. ಹಾಗಲ್ಲ. ನಮ್ಮ ಗ್ಯಾರೇಜು ಹುಟ್ಟಿದ್ದು ಕನ್ನಂಬಾಡಿ ಕಟ್ಟೆಯಿಂದ. 1932ರ ಹೊತ್ತಿಗೆ ಕೃಷ್ಣರಾಜಸಾಗರ ಮುಗಿಯಿತು, ನಾಲೆಯ ನೀರು ಮಂಡ್ಯದ ಒಣಹೊಲಗಳಿಗೆ ಹರಿಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಕಡೆ ಕಬ್ಬು ಬಂತು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ನಡೆಸಿದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯೂ ಸೇರಿ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಬ್ಬು ಅರೆಯುವ ಕಾಲದಲ್ಲಿ ಈ ರಸ್ತೆಯ ತುಂಬ ಎತ್ತಿನ ಗಾಡಿಗಳು. ಗಾಡಿ ಇದ್ದ ಮೇಲೆ ಅಚ್ಚು ಮುರಿಯುತ್ತದೆ, ಚಕ್ರದ ಕಬ್ಬಿಣದ ಪಟ್ಟಿ ಕಳಚುತ್ತದೆ. ತಾತನದು ಕುಲುಮೆ. ಹುಣಸೆ ಮರದ ಕೆಳಗೆ ತಿದಿ ಒತ್ತಿಕೊಂಡು ಕುಳಿತಿದ್ದರು. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಸುರಿದಾಗ ಅದು ಚುಂಯ್ ಎಂದು ಕುಗ್ಗಿ ಕಚ್ಚಿಕೊಳ್ಳುವುದನ್ನು ನೋಡಲೆಂದೇ ಶಾಲೆ ತಪ್ಪಿಸುತ್ತಿದ್ದೆ ಎಂದು ಅಪ್ಪ ಈಗಲೂ ಹೇಳುತ್ತಾರೆ.

ಒಂದು ದಿನ ಗಾಡಿಯ ಬದಲು ಲಾರಿಯೊಂದು ಕುಂಟಿಕೊಂಡು ಬಂತಂತೆ. ಭಾರ ಹೊರುವ ಹಿಂದಿನ ಕಮಾನ್ ಪ್ಲೇಟುಗಳಲ್ಲಿ ಒಂದು ತುಂಡಾಗಿತ್ತು. ತಾತ ಲಾರಿಯ ಕೆಳಗೆ ತಲೆ ಹಾಕಿದ್ದು ಅದೇ ಮೊದಲು. ಕುಡುಗೋಲು, ಮಚ್ಚು ತಟ್ಟುತ್ತಿದ್ದ ಕೈ. ಆ ಪ್ಲೇಟನ್ನು ನೋಡಿ, ‘ಇದೂ ಉಕ್ಕೇ ತಾನೆ’ ಎಂದರಂತೆ. ಬೆಸೆದು ಕೊಟ್ಟದ್ದು ಮಂಡ್ಯ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಚಾಲಕ ಮಾತ್ರ ಮುಂದಿನ ವಾರ ಇನ್ನೊಂದು ಲಾರಿಯನ್ನು ಕರೆತಂದ. ಕುಲುಮೆ ಗ್ಯಾರೇಜಾದದ್ದು ಹೀಗೆ. ಉದ್ಘಾಟನೆಯಿಲ್ಲ, ಬೋರ್ಡೂ ಇಲ್ಲ. ಬೋರ್ಡು ಬಂದದ್ದು ಅಪ್ಪನ ಕಾಲಕ್ಕೆ.

ಅಪ್ಪನ ಕಾಲವೆಂದರೆ ಅಂಬಾಸಿಡರ್ ಮತ್ತು ಫಿಯಟ್ ಕಾಲ. ಬೇಸಿಗೆ ರಜೆಯಲ್ಲಿ, ದಸರೆಯಲ್ಲಿ ಮೈಸೂರಿಗೆ ಹೊರಟ ಸಂಸಾರಗಳೆಲ್ಲ ಈ ರಸ್ತೆಯ ಮೇಲೆ. ಏಪ್ರಿಲ್ ಬಿಸಿಲಿನಲ್ಲಿ ಅಂಬಾಸಿಡರಿಗೆ ಒಂದು ಕಾಯಿಲೆ ಬರುತ್ತಿತ್ತು. ಎಂಜಿನ್ನಿನ ಕಾವಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ, ಪಂಪು ಎಷ್ಟು ಒತ್ತಿದರೂ ಕಾರ್ಬರೇಟರಿಗೆ ಹನಿ ಮುಟ್ಟುತ್ತಿರಲಿಲ್ಲ. ಕಾರು ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಮಾಲೀಕರ ಮುಖದಲ್ಲಿ ಎಂಜಿನ್ನೇ ಹೋಯಿತೆಂಬ ದಿಗಿಲು. ಅಪ್ಪ ಒಂದು ಮಾತೂ ಆಡದೆ ಬಾವಿಯ ತಣ್ಣೀರಿನಲ್ಲಿ ಗೋಣಿಚೀಲದ ತುಂಡನ್ನು ಅದ್ದಿ ಎಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಹಾಕುತ್ತಿದ್ದರು, ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ. ಹುಣಸೆ ಮರದ ನೆರಳಿನಲ್ಲಿ ಹದಿನೈದು ನಿಮಿಷ. ಅಷ್ಟರಲ್ಲಿ ಅಮ್ಮ ಒಳಗಿನಿಂದ ಮಜ್ಜಿಗೆ ತರುತ್ತಿದ್ದರು. ಆಮೇಲೆ ಕೀ ತಿರುಗಿಸಿದರೆ ಕಾರು ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಈ ರಿಪೇರಿಗೆ ಅಪ್ಪ ದುಡ್ಡು ಕೇಳಿದ್ದನ್ನು ನಾನು ಕಾಣೆ. ‘ನೀರಿಗೆ, ನೆರಳಿಗೆ ಏನು ದುಡ್ಡು’ ಎನ್ನುತ್ತಿದ್ದರು. ಮಜ್ಜಿಗೆಯ ಲೆಕ್ಕ ಅಮ್ಮನಿಗೇ ಗೊತ್ತು.

ರೇಡಿಯೇಟರಿನಲ್ಲಿ ಸಣ್ಣ ತೂತು ಬಿದ್ದರೆ ಅರಿಶಿನದ ಪುಡಿ. ನೀರಿಗೆ ಎರಡು ಚಮಚ ಹಾಕಿದರೆ ಪುಡಿ ಹೋಗಿ ತೂತಿನಲ್ಲಿ ಕುಳಿತು, ಮೈಸೂರು ಮುಟ್ಟುವಷ್ಟು ಹೊತ್ತು ಸೋರುವುದನ್ನು ತಡೆಯುತ್ತಿತ್ತು. ಪೆಟ್ರೋಲ್ ಟ್ಯಾಂಕ್ ಸೋರಿದರೆ ಬಟ್ಟೆ ಒಗೆಯುವ ಸೋಪನ್ನು ನಾದಿ ಮೆತ್ತುವುದು. ಸೋಪು ಪೆಟ್ರೋಲಿಗೆ ಕರಗುವುದಿಲ್ಲ. ನಮ್ಮ ಟೂಲ್ ಪೆಟ್ಟಿಗೆಯಲ್ಲಿ 12-13ರ ಸ್ಪ್ಯಾನರ್ ಪಕ್ಕದಲ್ಲೇ ಅರಿಶಿನದ ಡಬ್ಬಿ ಇರುತ್ತಿತ್ತು. ಇದನ್ನು ಓದಿ ಯಾರಾದರೂ ಈಗಿನ ಕಾರಿಗೆ ಅರಿಶಿನ ಹಾಕಿಯಾರು ಎಂದು ಹೆದರಿ ಹೇಳುತ್ತಿದ್ದೇನೆ: ಹಾಕಬೇಡಿ. ಇಂದಿನ ಅಲ್ಯೂಮಿನಿಯಂ ರೇಡಿಯೇಟರಿನ ನಳಿಗೆಗಳು ಸಣ್ಣವು, ಕಟ್ಟಿಕೊಳ್ಳುತ್ತವೆ. ಆಗ ಖರ್ಚು ಸಾವಿರಗಳಲ್ಲಿ.

ಈ ರಸ್ತೆಯ ಇನ್ನೊಂದು ಬೆಳೆ ಕಾವೇರಿ ಚಳವಳಿ. 1991, 2002, 2012, 2016: ನಮ್ಮ ಗ್ಯಾರೇಜು ಇವೆಲ್ಲವನ್ನೂ ಮುಂದಿನ ಸಾಲಿನಲ್ಲಿ ಕುಳಿತು ನೋಡಿದೆ. ರಸ್ತೆ ತಡೆಯಾದ ದಿನ ಎರಡೂ ಕಡೆ ಬಸ್ಸು, ಲಾರಿಗಳ ಸಾಲು. ಚಳವಳಿಗೆ ಬಂದ ನಮ್ಮೂರ ಹುಡುಗರು ರಸ್ತೆಯ ನಡುವೆ ಸುಡಲು ಹಳೆಯ ಟೈರು ಕೇಳಿಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಅಪ್ಪ ಕೊಡುತ್ತಿದ್ದರು, ನಮಗೂ ಎರಡು ಎಕರೆ ಗದ್ದೆ ಇದೆ, ನಾಲೆ ಬತ್ತಿದರೆ ನಮ್ಮದೂ ಒಣಗುತ್ತದೆ. ಆದರೆ ಅದೇ ಸಂಜೆ, ಸಿಕ್ಕಿಹಾಕಿಕೊಂಡ ಲಾರಿಯ ತಮಿಳು ಚಾಲಕನಿಗೆ ನಮ್ಮ ಮನೆಯಲ್ಲೇ ಮುದ್ದೆ, ಹಿತ್ತಿಲಿನಲ್ಲೇ ಮಲಗಲು ಜಾಗ. ಇದರಲ್ಲಿ ವಿರೋಧಾಭಾಸವಿದೆ ಎಂದು ನನಗೆ ಹೊಳೆದದ್ದು ಕಾಲೇಜಿಗೆ ಹೋದ ಮೇಲೆ. ಅಪ್ಪನಿಗೆ ಇಂದಿಗೂ ಹೊಳೆದಿಲ್ಲ.

2000ರ ದಶಕದ ಆರಂಭದಲ್ಲಿ ರಸ್ತೆ ಚತುಷ್ಪಥವಾಯಿತು. ಶೆಡ್ಡನ್ನು ಹಿಂದಕ್ಕೆ ಸರಿಸಿದೆವು. ಹುಣಸೆ ಮರ ಹೋಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕಾರ್ಬರೇಟರೂ ಹೋಯಿತು, ಕಂಪ್ಯೂಟರ್ ಇರುವ ಎಂಜಿನ್ ಬಂತು. ಕಿವಿಯಿಂದ ಕಾಯಿಲೆ ಹೇಳುತ್ತಿದ್ದ ಅಪ್ಪ ಸುಮ್ಮನಾದರು. ನಾನು ಬೆಂಗಳೂರಿನಲ್ಲಿ ಮೂರು ತಿಂಗಳಿದ್ದು, ಎಂಜಿನ್ನಿನ ದೋಷ ಓದುವ ಸ್ಕ್ಯಾನರ್ ಹಿಡಿಯುವುದನ್ನು ಕಲಿತು ಬಂದೆ. ಸಾಲ ಮಾಡಿ ಒಂದನ್ನು ಕೊಂಡೆ. ಆ ಸಾಲ ತೀರಿದೆ.

2023ರ ಮಾರ್ಚ್ 12ರಂದು ದಶಪಥ ಉದ್ಘಾಟನೆಯಾಯಿತು. ನಾನೂ ನೋಡಲು ಹೋಗಿದ್ದೆ. ಈ ರಸ್ತೆ ಬೇಡವಾಗಿತ್ತು ಎಂದು ನಾನು ಹೇಳುವವನಲ್ಲ. ಮೂರು ಗಂಟೆ ಹಿಡಿಯುತ್ತಿದ್ದ ಬೆಂಗಳೂರು–ಮೈಸೂರು ದಾರಿ ಒಂದೂವರೆ ಗಂಟೆಯದಾಗಿದೆ. ಹಿಂದೆ ಊರೂರಿನ ಸಿಗ್ನಲ್ಲಿನಲ್ಲಿ ಆಂಬುಲೆನ್ಸ್ ಸಿಕ್ಕಿ ಒದ್ದಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದ್ವಿಚಕ್ರ ವಾಹನ ಬೇಡವೆಂದ ನಿಮ್ಮ ನಿರ್ಧಾರವನ್ನೂ ನಾನು ಒಪ್ಪುತ್ತೇನೆ. ನಿಷೇಧಕ್ಕೆ ಮುಂಚಿನ ತಿಂಗಳುಗಳಲ್ಲಿ ಜಜ್ಜಿ ಹೋದ ಬೈಕುಗಳನ್ನು ನಮ್ಮ ಅಂಗಳದಲ್ಲಿ ತಂದಿಟ್ಟಿದ್ದರು. ಅವುಗಳಲ್ಲಿ ಎರಡನ್ನು ಬಿಡಿಸಿಕೊಂಡು ಹೋಗಲು ಯಾರೂ ಬರಲಿಲ್ಲ. ಯಾಕೆಂದು ನಾನು ವಿಚಾರಿಸಲೂ ಹೋಗಲಿಲ್ಲ.

ರಸ್ತೆ ಬಂದ ಮೇಲೆ ಹಳೆಯ ದಾರಿಯಲ್ಲಿ ಏನೇನು ಹೋಯಿತೆಂದು ಪತ್ರಿಕೆಗಳಲ್ಲಿ ಬಹಳ ಬಂದಿದೆ. ಮದ್ದೂರು ವಡೆ, ಚನ್ನಪಟ್ಟಣದ ಗೊಂಬೆ, ಬಿಡದಿಯ ತಟ್ಟೆ ಇಡ್ಲಿ, ಎಳನೀರು. ಎಲ್ಲ ನಿಜ. ಗ್ಯಾರೇಜಿನ ಬಗ್ಗೆ ಯಾರೂ ಬರೆಯಲಿಲ್ಲ. ಅದಕ್ಕೆ ಬೇಸರವಿಲ್ಲ. ವಡೆ ತಿನ್ನಬೇಕೆಂದು ಜನ ಬಯಸಿ ಬರುತ್ತಾರೆ. ನಮ್ಮ ಬಾಗಿಲಿಗೆ ಬಯಸಿ ಬಂದವರು ಯಾರೂ ಇಲ್ಲ. ಕೈ ಕೊಟ್ಟ ಕಾರಿನ ಜೊತೆ, ಬೈದುಕೊಂಡು ಬರುತ್ತಾರೆ. ಅಂಥವರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಗ್ಯಾರೇಜು ಮುಚ್ಚಿಲ್ಲ. ಟ್ರ್ಯಾಕ್ಟರ್, ಆಟೊ, ಕಬ್ಬಿನ ಲಾರಿ, ಹಾಲಿನ ವ್ಯಾನುಗಳೆಲ್ಲ ಸರ್ವಿಸ್ ರಸ್ತೆಯಲ್ಲೇ ಓಡಾಡುತ್ತವೆ; ಹೊಟ್ಟೆಗೆ ಆಗುತ್ತದೆ. ಆದರೆ ಕಲಿಯಲು ಬಂದಿದ್ದ ಇಬ್ಬರು ಹುಡುಗರು ಬೆಂಗಳೂರಿನ ಸರ್ವಿಸ್ ಸೆಂಟರುಗಳಿಗೆ ಹೋದರು. ಅಲ್ಲಿ ಒಬ್ಬನಿಗೆ ದಿನವಿಡೀ ಎಣ್ಣೆ ಬದಲಿಸುವುದೇ ಕೆಲಸವಂತೆ. ನಮ್ಮಲ್ಲಿ ಅವನು ಗೇರ್ ಬಾಕ್ಸ್ ಬಿಚ್ಚುತ್ತಿದ್ದ.

ಪರಿಹಾರ ಕೇಳಲು ನಾನು ಬರೆಯುತ್ತಿಲ್ಲ. ಬೇಲಿ ಕೀಳಿಸಿ ಎಂದೂ ಹೇಳುತ್ತಿಲ್ಲ. ಕೇಳುವುದು ಒಂದೇ: ನಿಮ್ಮ ರಸ್ತೆಯಲ್ಲಿ ಗಾಡಿ ಕೆಟ್ಟಾಗ ನಮ್ಮನ್ನು ಬಳಸಿಕೊಳ್ಳಿ.

ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದರೆ ಸಹಾಯ ಬರುತ್ತದೆ ಎಂಬುದು ಗೊತ್ತಿದೆ. ಗಸ್ತಿನವರ ಮೇಲೆ ನನ್ನ ದೂರಿಲ್ಲ. ಬಿಸಿಲು ಮಳೆಯೆನ್ನದೆ ನಿಲ್ಲುವ ಹುಡುಗರು ಅವರು. ಆದರೆ ಕ್ರೇನ್ ಬಲ್ಲದ್ದು ಎಳೆಯುವುದನ್ನು ಮಾತ್ರ. ಸಡಿಲವಾದ ಕ್ಲಿಪ್ಪಿಗೂ ಎಳೆಯುವುದು, ಸುಟ್ಟುಹೋದ ಫ್ಯೂಸಿಗೂ ಎಳೆಯುವುದು. ನಾನು ಕಂಡಂತೆ ರಸ್ತೆಯಲ್ಲಿ ನಿಲ್ಲುವ ಗಾಡಿಗಳ ಪೈಕಿ ಬಹುಪಾಲಿಗೆ ಇಂಥವೇ ಸಣ್ಣ ಜ್ವರ: ಹೋಸ್, ಬೆಲ್ಟ್, ಫ್ಯೂಸ್, ಬ್ಯಾಟರಿಯ ತಂತಿ, ಗಾಳಿಯಿಲ್ಲದ ಸ್ಟೆಪ್ನಿ. ವೇಗದ ರಸ್ತೆಯ ಅಂಚಿನಲ್ಲಿ ನಿಂತ ಕಾರು ಎಷ್ಟು ಅಪಾಯವೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಿಂದಿನಿಂದ ಬರುವ ಲಾರಿಯ ಚಾಲಕ ಒಂದು ಸಲ ತೂಕಡಿಸಿದರೆ ಸಾಕು. ಅದನ್ನು ಅಲ್ಲಿಂದ ಬೇಗ ಹೊರಡಿಸುವುದೇ ಮೊದಲ ಕೆಲಸವಲ್ಲವೇ?

ಈ ದಾರಿಯುದ್ದಕ್ಕೂ, ಕುಂಬಳಗೋಡಿನಿಂದ ಶ್ರೀರಂಗಪಟ್ಟಣದವರೆಗೆ, ಹಳೆಯ ರಸ್ತೆಯಲ್ಲಿ, ಸರ್ವಿಸ್ ರಸ್ತೆಯಲ್ಲಿ ನಮ್ಮಂಥವರು ಇದ್ದೇವೆ. ನಮ್ಮನ್ನು ಬಂದು ನೋಡಿ, ಕೆಲಸ ಬಲ್ಲವರನ್ನು ಆರಿಸಿ, ಪಟ್ಟಿ ಮಾಡಿ. ಆ ಪಟ್ಟಿ ಗಸ್ತು ವಾಹನದಲ್ಲಿರಲಿ. ಗಾಡಿ ಕೆಟ್ಟ ಕರೆ ಬಂದಾಗ, ಹತ್ತಿರದ ಮೆಕ್ಯಾನಿಕ್‌ನನ್ನು ಗಸ್ತಿನವರೇ ತಮ್ಮ ವಾಹನದಲ್ಲಿ ಕೂರಿಸಿಕೊಂಡು ಹೋಗಲಿ, ಕೆಲಸ ಮುಗಿದ ಮೇಲೆ ಇಳಿಸಲಿ. ಹೊಳೆಯುವ ಜಾಕೆಟ್ ನಾವೇ ಕೊಳ್ಳುತ್ತೇವೆ. ರಸ್ತೆಯ ಮೇಲೆ ಹೇಗೆ ನಿಲ್ಲಬೇಕು, ಕೋನ್ ಎಲ್ಲಿಡಬೇಕು ಎಂಬುದನ್ನು ನೀವು ಕಲಿಸಿ, ಕಲಿಯುತ್ತೇವೆ. ಅಲ್ಲಲ್ಲಿ ಬೇಲಿಗೆ ಒಂದು ಚಿಕ್ಕ ಗೇಟಿಟ್ಟು, ಬೀಗದ ಕೈ ಗಸ್ತಿನವರ ಬಳಿಯೇ ಇದ್ದರೆ ಇನ್ನೂ ಸಲೀಸು. ಇಳಿಯುವ ದಾರಿಗಳ ಬಳಿ ‘ವಾಹನ ದುರಸ್ತಿ, ಇಷ್ಟು ಕಿಲೋಮೀಟರ್’ ಎಂದು ಒಂದು ಬೋರ್ಡು ಬರೆಸಿದರೆ ಅದು ಉಪಕಾರ. ಬರೆಸದಿದ್ದರೂ ಪಟ್ಟಿ ಮಾಡಿ.

‘ರಸ್ತೆ ಬದಿಯ ಮೆಕ್ಯಾನಿಕ್‌ಗಳನ್ನು ನಂಬಬಹುದೇ?’ ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಮಾತೇ. ಹೆಂಡತಿ ಮಕ್ಕಳೊಂದಿಗೆ ಸಿಕ್ಕಿಹಾಕಿಕೊಂಡವನನ್ನು ಕಂಡರೆ ಐವತ್ತರ ಬೆಲ್ಟಿಗೆ ಐನೂರು ಹೇಳುವವರು ನಮ್ಮಲ್ಲಿ ಇದ್ದಾರೆ. ಪಂಕ್ಚರ್ ಅಂಗಡಿಯವರೇ ಮೊಳೆ ಚೆಲ್ಲುತ್ತಾರೆ ಎಂಬ ಮಾತು ನಾನು ಹುಟ್ಟುವ ಮುಂಚಿನಿಂದ ಇದೆ. ಎಲ್ಲವೂ ಸುಳ್ಳೆಂದು ನಾನು ಆಣೆ ಮಾಡಲಾರೆ. ಅದಕ್ಕೇ ದರ ನೀವೇ ಕಟ್ಟಿ. ಯಾವ ಕೆಲಸಕ್ಕೆ ಎಷ್ಟು ಎಂಬ ಚೀಟಿ ಗಸ್ತಿನವರ ಕೈಯಲ್ಲಿರಲಿ, ಪ್ರಯಾಣಿಕರಿಗೆ ಮೊದಲೇ ತೋರಿಸಲಿ. ಹೆಚ್ಚು ಕೇಳಿದವನ ಹೆಸರನ್ನು ಪಟ್ಟಿಯಿಂದ ಹೊಡೆಯಿರಿ. ನನ್ನ ಹೆಸರಾದರೂ ಸರಿ.

ಇನ್ನೊಂದು ಮಾತು. ಅಪ್ಪನಿಗೆ ಎಂಬತ್ತಮೂರು. ಗುಜರಿಗೆ ಹಾಕಿದ ಬಸ್ಸೊಂದರಿಂದ ಬಿಚ್ಚಿದ ಸೀಟು ಗ್ಯಾರೇಜಿನ ಮುಂದಿದೆ. ಬೆಳಿಗ್ಗೆ ಕಾಫಿ ಕುಡಿದು ಬಂದು ಅದರ ಮೇಲೆ ಕೂರುತ್ತಾರೆ. ಮೊದಲೆಲ್ಲ ರಸ್ತೆಗೆ ಬೆನ್ನು ಹಾಕಿ ಕುಳಿತೇ, ‘ಲೇಲ್ಯಾಂಡು, ಮೂರನೇ ಗೇರಿನಲ್ಲಿದೆ, ಸೈಲೆನ್ಸರ್ ಒಡೆದಿದೆ’ ಎನ್ನುತ್ತಿದ್ದರು. ದಶಪಥದ ಸದ್ದಿನಲ್ಲಿ ಅವರಿಗೆ ಈಗ ಏನೂ ಬಿಡಿಯಾಗಿ ಕೇಳಿಸುವುದಿಲ್ಲ. ಆದರೂ ಆ ದಿನ ಬಿಳಿ ಕಾರು ನಿಂತಾಗ, ಹಬೆ ಕಾಣುವ ಮೊದಲೇ ‘ಒಂದು ನಿಂತಿತು ನೋಡು’ ಎಂದವರು ಅವರೇ. ನಾನು ಬೇಲಿಯ ಬಳಿ ನಿಂತು ಕೂಗುತ್ತಿದ್ದಾಗ ಹಿಂದಿನಿಂದ, ‘ಅಲ್ಲಿ ಯಾಕೆ ನಿಂತೆಯೋ, ಹೋಗಿ ಮಾಡಿಕೊಟ್ಟು ಬಾ’ ಎಂದು ಗದರುತ್ತಿದ್ದರು. ಹೋಗುವಂತಿಲ್ಲ ಎಂದು ಹೇಳಿದೆ. ಯಾಕೆ ಎಂದು ಕೇಳಿದರು. ಇನ್ನೂ ಕೇಳುತ್ತಲೇ ಇದ್ದಾರೆ.

ನಿಮ್ಮಲ್ಲಿ ಯಾರಾದರೂ ಒಮ್ಮೆ ಇಲ್ಲಿಗೆ ಬಂದು ನೋಡುವುದಾದರೆ ಬಹಳ ಸಂತೋಷ. ಅಮಾವಾಸ್ಯೆ ಒಂದನ್ನು ಬಿಟ್ಟು ಎಲ್ಲ ದಿನ ಬಾಗಿಲು ತೆರೆದಿರುತ್ತದೆ. ಬರುವಾಗ ಮಾತ್ರ ಮದ್ದೂರಿನಿಂದಲೇ ಸರ್ವಿಸ್ ರಸ್ತೆ ಹಿಡಿಯಿರಿ. ದಶಪಥದಲ್ಲಿ ಬಂದರೆ ನಾವು ಕಾಣಿಸುತ್ತೇವೆ, ಕೈಯನ್ನೂ ಬೀಸುತ್ತೇವೆ. ಇಳಿಯುವ ದಾರಿ ನಮ್ಮನ್ನು ದಾಟಿ ಬಹಳ ಮುಂದಿದೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಮೈಸೂರು ರಸ್ತೆಯ ಒಬ್ಬ ಮೆಕ್ಯಾನಿಕ್